ಅಳತೆಯ ರವಿಕೆ

ಪುತ್ತೂರಿನಲ್ಲಿ ನನಗೆ ರವಿಕೆ ಹೊಲಿದುಕೊಡುವ ಅಕ್ಕನ ಅಂಗಡಿಯ ಕಪಾಟಿನಲ್ಲಿ, ನಾನು ಈ ಊರಿನ ಶಾಲೆಗೆ ಗಣಿತದ ಅಧ್ಯಾಪಕಿಯಾಗಿ ಬಂದ ವರ್ಷದಿಂದಲೂ ನನ್ನದೊಂದು ಅಳತೆಯ ರವಿಕೆ ಇರುತ್ತಿತ್ತು. ಭುಜ ನೋಡಿದರೆ 36ರ ಮೈ, ಎದೆ ನೋಡಿದರೆ 44ರ ಮೈ. ಇಬ್ಬರು ಹೆಂಗಸರ ಅಳತೆಗಳನ್ನು ಒಂದೇ ಬಟ್ಟೆಯಲ್ಲಿ ಕೂಡಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಎದೆಗೆ ಹೊಂದಿಸಿ ಹೊಲಿದರೆ ಭುಜ ಜಾರುತ್ತಿತ್ತು, ಭುಜಕ್ಕೆ ಹೊಂದಿಸಿದರೆ ಮೂರನೆಯ ಹುಕ್ಕು ನಿಲ್ಲುತ್ತಿರಲಿಲ್ಲ. ಹಲಗೆಯ ಮೇಲೆ ಬರೆಯಲು ಕೈ ಎತ್ತುವ ಮೊದಲು ಸೆರಗಿನ ಎರಡೂ ಪಿನ್ನುಗಳು ಇವೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು ಹದಿನೇಳು ವರ್ಷಗಳಲ್ಲಿ ನನಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು.

2024ರ ಏಪ್ರಿಲ್ 15ರಂದು, ನನ್ನ 43ನೆಯ ವಯಸ್ಸಿನಲ್ಲಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ತನಗಳ ಗಾತ್ರ ಕುಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಸ್ಪತ್ರೆಯವರು ಅದನ್ನು ಬ್ರೆಸ್ಟ್ ರಿಡಕ್ಷನ್ ಎನ್ನುತ್ತಾರೆ. ಅದಕ್ಕೆ ಮೊದಲು ಈ ವಿಷಯದಲ್ಲಿ ನಾನು ಹುಡುಕಿದಾಗಲೆಲ್ಲ ಕಣ್ಣಿಗೆ ಬಿದ್ದದ್ದು ಸೌಂದರ್ಯ ಚಿಕಿತ್ಸಾಲಯಗಳ ಜಾಹೀರಾತುಗಳು. ಕತ್ತಿ ತಾಗುವುದು ಎದೆಗಾದರೂ ಆರು ವಾರ ರಜೆ ಹಾಕಬೇಕಾದದ್ದು ಎರಡು ಕೈಗಳು ಎಂಬ ಸಂಗತಿಯನ್ನು ಅವುಗಳಲ್ಲಿ ಯಾರೂ ಬರೆದಿರಲಿಲ್ಲ. ಮನೆ ನಡೆಸುವ ಹೆಂಗಸರಿಗೆ ಮೊದಲು ತಿಳಿಯಬೇಕಾದದ್ದು ಅದೇ ಎಂದು ನನಗೆ ಅನ್ನಿಸಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಿರ್ಧಾರಕ್ಕೆ ಬರಲು ನನಗೆ ಆರು ವರ್ಷ ಬೇಕಾಯಿತು. ಕುತ್ತಿಗೆ ನೋವಿಗೆಂದು ಮೂಳೆ ವೈದ್ಯರು ಎಕ್ಸ್‌ರೇ ತೆಗೆಸಿ, ತಲೆದಿಂಬು ಬದಲಿಸಿ, ಫಿಸಿಯೋಥೆರಪಿಗೆ ಕಳುಹಿಸಿದರು. ಸ್ತನಗಳ ಕೆಳಗಿನ ಮಡಿಕೆಯಲ್ಲಿ ಪ್ರತಿ ಬೇಸಗೆಯ ಸೆಖೆಗೆ ಏಳುತ್ತಿದ್ದ ಕೆಂಪು ಹುಣ್ಣಿಗೆ ಚರ್ಮ ವೈದ್ಯರು ಶಿಲೀಂಧ್ರದ ಸೋಂಕೆಂದು ಹೇಳಿ ಕ್ಲೋಟ್ರಿಮಝೋಲ್ ಪುಡಿ ಬರೆದುಕೊಟ್ಟರು. ಅದು ಜೂನಿನ ಮಳೆಗೆ ಇಳಿದು ಮುಂದಿನ ಮಾರ್ಚಿಗೆ ಮತ್ತೆ ಬರುತ್ತಿತ್ತು. ರಾತ್ರಿ ಕಿರುಬೆರಳು ಜೋಮು ಹಿಡಿಯುವುದಕ್ಕೆ ಇನ್ನೊಬ್ಬರು ವಿಟಮಿನ್ ಕೊಟ್ಟರು. ಮೂರು ಬಾಗಿಲುಗಳಲ್ಲಿ ಮೂರು ಕಾಯಿಲೆಗಳಾಗಿದ್ದ ಇವನ್ನು ಒಂದಕ್ಕೊಂದು ಜೋಡಿಸಿದವರು ಫಿಸಿಯೋಥೆರಪಿಯ ಕಿರಿಯ ಹೆಣ್ಣುಮಗಳೊಬ್ಬರು. ಬ್ರಾ ಪಟ್ಟಿಯಿಂದ ನನ್ನ ಭುಜದ ಮೇಲೆ ಬಿದ್ದಿದ್ದ ಗುಳಿಯಲ್ಲಿ ಬೆರಳಿಟ್ಟು, “ಟೀಚರ್, ನಿಮ್ಮ ಕುತ್ತಿಗೆಯ ದೋಷ ಕುತ್ತಿಗೆಯಲ್ಲಿಲ್ಲ” ಎಂದರು.

ಅಮ್ಮನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರವಿಕೆಯ ಭುಜವನ್ನು ತುಸು ಸರಿಸಿ, ತನ್ನ ಭುಜದ ಮೇಲಿನ ಗುಳಿಯನ್ನು ತೋರಿಸಿದಳು. ನನ್ನದಕ್ಕಿಂತ ಆಳವಾಗಿದ್ದ ಅದು ಕಂದುಗಟ್ಟಿ ಹೊಳೆಯುತ್ತಿತ್ತು. “ನಮಗೆಲ್ಲ ಇದು ಇದ್ದದ್ದೇ ಮಗಾ” ಎಂದಳೇ ಹೊರತು, ಬೇಕು ಎಂದಾಗಲಿ ಬೇಡ ಎಂದಾಗಲಿ ಹೇಳಲಿಲ್ಲ. ಅತ್ತೆಯವರು ಮಾತ್ರ ದೇವರು ಕೊಟ್ಟದ್ದನ್ನು ಕತ್ತರಿಸುವುದೇ ಎಂದು ಒಂದು ವಾರ ಗೊಣಗಿದರು. ದೇವರು ಕೊಟ್ಟ ಕಣ್ಣಿನ ಪೊರೆಯನ್ನು ಅವರು ಹಿಂದಿನ ವರ್ಷವಷ್ಟೇ ತೆಗೆಸಿಕೊಂಡಿದ್ದರೆಂಬುದನ್ನು ನಾನು ನೆನಪಿಸಲು ಹೋಗಲಿಲ್ಲ.

ಶಾಲೆಯಲ್ಲಿ ಇನ್ನೊಂದು ಬಗೆಯ ತೊಡಕಾಯಿತು. ಬೇಸಗೆ ರಜೆ ಏಪ್ರಿಲ್ 11ರಿಂದ ಇತ್ತಾದರೂ ಏಪ್ರಿಲ್ 26ಕ್ಕೆ ನಮ್ಮ ಜಿಲ್ಲೆಯಲ್ಲಿ ಲೋಕಸಭಾ ಚುನಾವಣೆಯ ಮತದಾನ ನಿಗದಿಯಾಗಿ, ಅಧ್ಯಾಪಕರೆಲ್ಲರಿಗೆ ಕರ್ತವ್ಯದ ಆದೇಶ ಬರುವುದಿತ್ತು. ವಿನಾಯಿತಿ ಕೋರುವ ಅರ್ಜಿಯಲ್ಲಿ ‘ಎದೆಯ ಶಸ್ತ್ರಚಿಕಿತ್ಸೆ’ ಎಂದು ಬರೆದೆ. ಕನ್ನಡದಲ್ಲಿ ಎದೆ ಎಂದರೆ ಹೃದಯವೂ ಹೌದಲ್ಲ! ಎರಡೇ ದಿನಗಳಲ್ಲಿ ನನಗೆ ಸ್ಟೆಂಟ್ ಹಾಕಿಸುತ್ತಾರೆಂಬ ಸುದ್ದಿ ಸಿಬ್ಬಂದಿ ಕೊಠಡಿಯನ್ನೆಲ್ಲ ಸುತ್ತಿ, ಮುಖ್ಯೋಪಾಧ್ಯಾಯರು ತಮ್ಮ ಭಾವನ ಬೈಪಾಸ್ ಕಥೆಯನ್ನು ಕರುಣೆಯಿಂದ ವಿವರಿಸಿದರು. ತಿದ್ದುವುದಕ್ಕೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಹೇಳಿರದಿದ್ದರೂ ಆಡಿಸಿಕೊಂಡು ಹೋದೆನೆಂಬ ಸಂಕೋಚ ಈಗಲೂ ಇದೆ. ಸಹೋದ್ಯೋಗಿಗಳು ಓದುತ್ತಿದ್ದರೆ ಇದನ್ನೇ ತಿದ್ದುಪಡಿಯೆಂದು ತಿಳಿಯಬೇಕು.

ವೈದ್ಯಕೀಯ ತಯಾರಿಗೆ ಎಂಟು ತಿಂಗಳು ಹಿಡಿಯಿತು. ಪ್ಲಾಸ್ಟಿಕ್ ಸರ್ಜನ್ ಮೊದಲ ಭೇಟಿಯಲ್ಲಿ ದಿನಾಂಕ ಕೊಡಲಿಲ್ಲ. ತೂಕ ಸ್ವಲ್ಪ ಇಳಿಸಿ ಆ ಮಟ್ಟದಲ್ಲೇ ಕೆಲವು ತಿಂಗಳು ನಿಲ್ಲಿಸಬೇಕು, 9.8 ಇದ್ದ ಹಿಮೋಗ್ಲೋಬಿನ್ 12ಕ್ಕೆ ಏರಬೇಕು, ಸ್ತನದ ಎಕ್ಸ್‌ರೇಯಾದ ಮ್ಯಾಮೊಗ್ರಾಂ ಆಗಲೇಬೇಕು ಎಂದರು. ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂದು ನಾನು ಹೇಳಿದ್ದರಿಂದ ಸ್ಕ್ಯಾನಿಂಗನ್ನೂ ಮಾಡಿಸಿದರು. ಆರು ಕಿಲೋ ಇಳಿಸಿದೆ. ಮುಖ ಇಳಿಯಿತು, ಸೊಂಟ ಇಳಿಯಿತು, ಇಳಿಯಬೇಕಾದದ್ದು ಮಾತ್ರ ಇದ್ದಲ್ಲೇ ಇತ್ತು. ಹಾಲೂಡಿಸುವ ಸಾಮರ್ಥ್ಯ ಕುಂದಬಹುದು, ಆದ್ದರಿಂದ ಇನ್ನು ಮಕ್ಕಳು ಬೇಕೇ ಎಂದೂ ಅವರು ಕೇಳಿದರು. ಮಗಳು ಒಂಬತ್ತನೆಯ ತರಗತಿಯಲ್ಲಿದ್ದುದರಿಂದ ಆ ಪ್ರಶ್ನೆ ನನಗೆ ಸುಲಭವಾಗಿತ್ತು. ಇಪ್ಪತ್ತೈದರ ಹುಡುಗಿಗೆ ಅಷ್ಟು ಸುಲಭವಾಗಿರಲಾರದು. ಮೊಲೆತೊಟ್ಟಿನ ಸ್ಪರ್ಶಜ್ಞಾನ ಹೋಗಬಹುದು, ಅಪರೂಪಕ್ಕೆ ರಕ್ತಸಂಚಾರ ಸಾಲದೆ ತೊಟ್ಟೇ ಹೋಗಬಹುದು, ಕಲೆಗಳು ನಮ್ಮ ಮೈಬಣ್ಣದವರಲ್ಲಿ ದಪ್ಪಗಾಗುವ ಸಂಭವ ಹೆಚ್ಚು ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಿದರು. ಅಷ್ಟು ಬಿಡಿಸಿ ಹೇಳದ ವೈದ್ಯರ ಬಳಿ ಈ ಕೆಲಸಕ್ಕೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ಆಸ್ಪತ್ರೆಯ ತಯಾರಿಗಿಂತ ಅಡುಗೆಮನೆಯ ತಯಾರಿಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಆರು ವಾರ ಎರಡು ಕಿಲೋಕ್ಕಿಂತ ಹೆಚ್ಚು ಎತ್ತಬಾರದು, ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು ಎಂದು ವೈದ್ಯರು ಹೇಳಿದ ಎರಡು ವಾಕ್ಯಗಳನ್ನು ಹಿಡಿದುಕೊಂಡು ಒಂದು ಭಾನುವಾರ ಇಡೀ ಮನೆಯಲ್ಲಿ ತಿರುಗಿದೆ. ನೀರು ತುಂಬಿದ ಐದು ಲೀಟರಿನ ಕುಕ್ಕರನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಮುಳ್ಳು ಕೊನೆಗೆ ಹೋಗಿ ನಿಂತಿತು. ಅಕ್ಕಿ ಡಬ್ಬಿ, ಉಪ್ಪಿನಕಾಯಿ ಭರಣಿ, ದೋಸೆ ಹಿಟ್ಟಿನ ಪಾತ್ರೆ, ಗ್ರೈಂಡರಿನ ಕಲ್ಲು ಯಾವುದೂ ಆ ಲೆಕ್ಕದೊಳಗೆ ಬರುತ್ತಿರಲಿಲ್ಲ. ಕಾಯಿ ತುರಿಯುವುದು ಭಾರದ ಕೆಲಸವಲ್ಲವೆಂದುಕೊಂಡಿದ್ದೆ. ಹೆರಮಣೆಯ ಮೇಲೆ ಕೂತು ತುರಿದು ನೋಡಿದರೆ ಎದೆಯ ಮಾಂಸಖಂಡ ಒಂದೊಂದು ಎಳೆತಕ್ಕೂ ಬಿಗಿಯುತ್ತಿತ್ತು. ಹಾಗಾಗಿ ತುರಿದ ಕಾಯಿಯನ್ನು ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟೆ. ದಿನಬಳಕೆಯ ಸಾಮಾನುಗಳೆಲ್ಲ ಸೊಂಟದ ಎತ್ತರಕ್ಕೆ ಇಳಿದವು, ಬಟ್ಟೆ ಒಣಗಿಸುವ ಹಗ್ಗವನ್ನು ನನ್ನವರು ಎದೆಮಟ್ಟಕ್ಕೆ ಕಟ್ಟಿಕೊಟ್ಟರು. ಮುಂದೆ ಗುಂಡಿಯಿರುವ ನಾಲ್ಕು ನೈಟಿ, ಮುಂದೆ ಜಿಪ್ ಇರುವ ಎರಡು ಸರ್ಜಿಕಲ್ ಬ್ರಾ ತಂದಿಟ್ಟೆ. ಎರಡು ಸಾಲದು, ಸೆಖೆಯ ಊರಿನವರಿಗೆ ಮೂರು ಬೇಕು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಅರಿವಳಿಕೆಗೆ ಮೊದಲು ಸರ್ಜನ್ ನನ್ನನ್ನು ನೆಟ್ಟಗೆ ನಿಲ್ಲಿಸಿ ಮಾರ್ಕರ್ ಪೆನ್ನಿನಿಂದ ಮೈಮೇಲೆ ಗೆರೆ ಎಳೆದರು. ಮಲಗಿದರೆ ಎಲ್ಲವೂ ಪಕ್ಕಕ್ಕೆ ಸರಿದು ಅಳತೆ ತಪ್ಪುತ್ತದೆಯಾದ್ದರಿಂದ ಇದನ್ನು ನಿಂತೇ ಮಾಡಬೇಕಂತೆ. ಕತ್ತಿನ ಬುಡದ ಗುಳಿಯಿಂದ ಮೊಲೆತೊಟ್ಟಿಗೆ ಬಲಗಡೆ 33 ಸೆಂಟಿಮೀಟರ್, ಎಡಗಡೆ 32. ಹೊಸ ಜಾಗವನ್ನು 22ಕ್ಕೆ ಗುರುತಿಸಿದರು. ಬಳಿಕ ಬೀಗದ ಕಿಂಡಿಯ ಹಾಗೆ ಮೇಲೊಂದು ವೃತ್ತ, ಅದರಿಂದ ಕೆಳಗೆ ಅಗಲವಾಗುತ್ತ ಹೋಗುವ ಎರಡು ರೇಖೆಗಳು, ಬುಡದಲ್ಲಿ ಮಡಿಕೆಯುದ್ದಕ್ಕೂ ಒಂದು ಚಾಪ. ಎರಡು ರೇಖೆಗಳನ್ನು ಒಟ್ಟಿಗೆ ತಂದು ಹೊಲಿದರೆ ತಲೆಕೆಳಗಾದ ‘ಟಿ’ ಆಗುತ್ತದೆ. ಇದು ರವಿಕೆಯ ಬಟ್ಟೆಯನ್ನು ಮಡಿಸಿ ಹೊಲಿದು ಟಕ್ಸ್ ಹಿಡಿಯುವುದೇ ಅಲ್ಲವೇ ಎಂದು ನಾನು ಕೇಳಿಬಿಟ್ಟೆ. ಅವರು ನಕ್ಕು, 1956ರಲ್ಲಿ ರಾಬರ್ಟ್ ವೈಸ್ ಎಂಬ ಅಮೆರಿಕದ ಶಸ್ತ್ರವೈದ್ಯರು ಈ ನಮೂನೆಯನ್ನು ಬ್ರಾ ಕತ್ತರಿಸುವ ನಮೂನೆಯಿಂದಲೇ ರೂಪಿಸಿದರೆಂದೂ, ಇಂದಿಗೂ ಅದಕ್ಕೆ ಅವರದೇ ಹೆಸರಿದೆಯೆಂದೂ ಹೇಳಿದರು. ಹೆದರಿಕೆಯಿಂದ ಕೈಬೆರಳುಗಳು ತಣ್ಣಗಾಗಿದ್ದರೂ, ಹದಿನೇಳು ವರ್ಷ ನಮ್ಮ ಟೈಲರ್ ಅಕ್ಕ ಬಟ್ಟೆಯ ಮೇಲೆ ಮಾಡುತ್ತ ಬಂದ ಲೆಕ್ಕ ಈಗ ಮೈಮೇಲೆ ಬಿದ್ದಿತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಮೊಲೆತೊಟ್ಟನ್ನು ಕಿತ್ತು ಬೇರೆಡೆ ನೆಡುವುದಿಲ್ಲವೆಂದೂ, ಅದರ ರಕ್ತನಾಳ ನರಗಳಿರುವ ತೊಗಲು ಮಾಂಸದ ಪಟ್ಟಿಯ ಸಮೇತ ಮೇಲಕ್ಕೆ ಸರಿಸುವರೆಂದೂ ಆಗಲೇ ತಿಳಿದದ್ದು.

ಮೂರೂವರೆ ಗಂಟೆ ಹಿಡಿಯಿತಂತೆ. ಬಲಗಡೆಯಿಂದ 640 ಗ್ರಾಂ, ಎಡಗಡೆಯಿಂದ 590 ಗ್ರಾಂ ತೆಗೆದರು. ಒಟ್ಟು ಒಂದು ಕಾಲು ಕಿಲೋಕ್ಕೂ ಇಪ್ಪತ್ತು ಗ್ರಾಂ ಕಡಿಮೆ. ಅಂಗಡಿಯಲ್ಲಿ ತೂಗಿ ಕೈಚೀಲಕ್ಕೆ ಹಾಕಿಸಿಕೊಂಡರೆ ಲೆಕ್ಕಕ್ಕೇ ಇಲ್ಲದ ಭಾರ. ಮರುದಿನ ಬೆಳಗ್ಗೆ ನರ್ಸ್ ಎಬ್ಬಿಸಿ ನಿಲ್ಲಿಸಿದಾಗ ಹೊಲಿಗೆಗಳು ಉರಿಯುತ್ತಿದ್ದವು, ಗಾಯದ ನೀರು ಹೊರಬರಲೆಂದು ಇಟ್ಟಿದ್ದ ಎರಡೂ ಬದಿಯ ಡ್ರೈನ್ ಕೊಳವೆಗಳು ಜೋತಾಡುತ್ತಿದ್ದವು, ತಲೆ ಸುತ್ತುತ್ತಿತ್ತು. ಆದರೂ ಕುತ್ತಿಗೆಯ ಹಿಂದೆ ಯಾರೋ ಹಿಡಿದಿದ್ದ ಹಗ್ಗವನ್ನು ಬಿಟ್ಟಂತಾದದ್ದು ಆ ಕ್ಷಣವೇ ಗೊತ್ತಾಯಿತು.

ಮೂರನೆಯ ದಿನ ಡ್ರೈನ್ ತೆಗೆದು ಮನೆಗೆ ಕಳುಹಿಸಿದರು. ಮಂಗಳೂರಿನಿಂದ ಪುತ್ತೂರಿಗೆ ಐವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಆ ಬೇಸಗೆಯಲ್ಲಿ ಕಲ್ಲಡ್ಕದ ಮೇಲ್ಸೇತುವೆಯ ಕಾಮಗಾರಿ ನಡೆಯುತ್ತಿದ್ದುದರಿಂದ ಅಲ್ಲಿ ದಾರಿಯೆಂದರೆ ಧೂಳು ಮತ್ತು ಹೊಂಡ. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಮಗಳ ಪುಟ್ಟ ತಲೆದಿಂಬನ್ನು ಅಪ್ಪಿಕೊಂಡು ಕೂತಿದ್ದೆ. ಇದೊಂದನ್ನು ಯಾರೂ ಮರೆಯಬಾರದು.

ಮೊದಲ ಹನ್ನೆರಡು ರಾತ್ರಿಗಳನ್ನು ಮಾವನವರ ಹಳೆಯ ಆರಾಮಕುರ್ಚಿಯಲ್ಲಿ ಕಳೆದೆ. ತಲೆ ಎತ್ತರದಲ್ಲಿದ್ದರೆ ಊತ ಬೇಗ ಇಳಿಯುತ್ತದೆ, ಮಗ್ಗುಲಾಗಲು ಮೈ ತಾನಾಗಿ ಹೊರಳುವುದೂ ತಪ್ಪುತ್ತದೆ. ನೋವು ನಾನು ಹೆದರಿದ್ದಕ್ಕಿಂತ ಕಡಿಮೆಯಿತ್ತು. ನೋವಿನ ಮಾತ್ರೆಯಿಂದಾದ ಮಲಬದ್ಧತೆ ಹೆದರಿದ್ದಕ್ಕಿಂತ ಹೆಚ್ಚಿತ್ತು. ಹಗಲು ರಾತ್ರಿ ಬಿಗಿಯಾದ ಬ್ರಾ, ಅದರೊಳಗೆ ಹತ್ತಿ, ಅದರ ಮೇಲೆ ಕರಾವಳಿಯ ಏಪ್ರಿಲ್. ಬೇಸಗೆ ರಜೆಯನ್ನೇ ಆರಿಸಿಕೊಂಡದ್ದಕ್ಕೆ ನನ್ನನ್ನು ನಾನೇ ಬೈದುಕೊಂಡರೂ, ಏಪ್ರಿಲ್ 15ರಿಂದ ಶಾಲೆ ಶುರುವಾಗುವ ಮೇ 29ಕ್ಕೆ ಸರಿಯಾಗಿ 44 ದಿನ ಸಿಗುವ ಅವಕಾಶ ದಸರಾ ರಜೆಯಲ್ಲಿ ಇರಲಿಲ್ಲ.

ಅಮ್ಮ ಸುಳ್ಯದಿಂದ ಬಂದವಳು ಇದನ್ನು ಬಾಣಂತನವೆಂದೇ ತಿಳಿದಿದ್ದಳು. ಬದನೆ ನಂಜು, ಕುಂಬಳ ನಂಜು, ಕಡಲೆ ನಂಜು, ಹುಳಿ ಕೂಡದು, ಗಾಯ ಕೀವಾಗುತ್ತದೆ. ವೈದ್ಯರ ಚೀಟಿಯಲ್ಲಿ ಗಾಯ ಮಾಯಲು ಪ್ರೋಟೀನ್ ಬೇಕು, ಬೇಳೆ, ಕಾಳು, ಮೊಸರು ತಿನ್ನಿ ಎಂದಿತ್ತು. ಒಂದು ವಾರ ಎರಡು ಪಕ್ಷಗಳ ನಡುವೆ ಕುಚ್ಚಲಕ್ಕಿ ಗಂಜಿ, ತುಪ್ಪ, ಸುಟ್ಟ ಹಪ್ಪಳದಲ್ಲಿ ದಿನ ದೂಡಿದೆ. ಕೊನೆಗೆ ಹೆಸರುಕಾಳು ನಂಜಲ್ಲ ಎಂಬಲ್ಲಿಗೆ ಒಪ್ಪಂದವಾಗಿ, ಆ ಆರು ವಾರಗಳಲ್ಲಿ ಹೆಸರುಕಾಳಿನಿಂದ ಎಷ್ಟು ಪದಾರ್ಥ ಮಾಡಬಹುದೆಂಬುದನ್ನು ನಮ್ಮ ಮನೆಯವರೆಲ್ಲರೂ ಕಂಡರು. ನನ್ನ ತಲೆ ಬಾಚಿ ಜಡೆ ಹಾಕುವ ಕೆಲಸ ಮಗಳದಾಯಿತು. ಹದಿನಾಲ್ಕರ ಆ ಹುಡುಗಿ ಒಂದು ದಿನ ಹಿಂದಿನಿಂದ ಬಾಚುತ್ತಲೇ, ನನಗೂ ಹೀಗೇ ಆಗುತ್ತದೆಯೇ ಅಮ್ಮ ಎಂದು ಕೇಳಿದಳು. ಆಗಬಹುದು, ಆದರೆ ನಿನಗೆ ನನ್ನಷ್ಟು ತಡವಾಗುವುದು ಬೇಡ ಎಂದೆ.

ತೆಗೆದ ಭಾಗವನ್ನು ಪ್ಯಾಥಾಲಜಿ ಪರೀಕ್ಷೆಗೆ ಕಳುಹಿಸುವುದು ವಾಡಿಕೆ. ಮ್ಯಾಮೊಗ್ರಾಮಿನಲ್ಲಿ ಕಾಣದ ಕ್ಯಾನ್ಸರ್ ಅಪರೂಪಕ್ಕೆ ಅಲ್ಲಿ ಕಾಣಿಸಿಕೊಳ್ಳುವುದುಂಟು. ಎಂಟು ದಿನ ದೊಡ್ಡಮ್ಮನ ಮುಖ ಕಣ್ಣ ಮುಂದೆಯೇ ಇತ್ತು. ವರದಿ ನಿರಪಾಯವೆಂದು ಬಂದ ಮೂರನೆಯ ದಿನ, ಏಪ್ರಿಲ್ 26ರಂದು, ದಿಂಬು ಅಪ್ಪಿಕೊಂಡೇ ಮತಗಟ್ಟೆಗೆ ಹೋದೆ. ಕರ್ತವ್ಯದಲ್ಲಿದ್ದ ಸಹೋದ್ಯೋಗಿಯೊಬ್ಬರು ಶಾಯಿ ಹಚ್ಚುತ್ತ, “ಹಾರ್ಟ್ ಈಗ ಹೇಗಿದೆ ಟೀಚರೇ?” ಎಂದರು. ಚೆನ್ನಾಗಿದೆ ಎಂದೆ, ಅದು ನಿಜವೂ ಆಗಿತ್ತು.

ಮೇ 4ರಂದು ನಾನು ತಪ್ಪು ಮಾಡಿದೆ. ಕರೆಂಟು ಹೋಗಿ ಪಂಪು ನಿಂತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ, ಮೈ ಅಂಟುತ್ತಿತ್ತು. ಬಾವಿಯಿಂದ ಒಂದೇ ಒಂದು ಕೊಡ ನೀರು ಸೇದಿದೆ. ಹಗ್ಗದ ನಾಲ್ಕನೆಯ ಎಳೆತಕ್ಕೆ ಬಲಗಡೆ ಕೆಳಗೆ ಬೆಚ್ಚಗಾಯಿತು. ರಾತ್ರಿ ನೋಡಿದರೆ ಲಂಬವಾದ ಹೊಲಿಗೆ ಅಡ್ಡ ಹೊಲಿಗೆಯನ್ನು ಸೇರುವಲ್ಲಿ ಉಗುರಿನಷ್ಟು ಬಾಯಿ ಬಿಟ್ಟಿತ್ತು, ಬ್ರಾದ ಹತ್ತಿ ಹಳದಿಯಾಗಿತ್ತು. ಗಾಬರಿಯಿಂದ ಮಂಗಳೂರಿಗೆ ಓಡಿದೆ. ವೈದ್ಯರು ನನ್ನಷ್ಟು ಬೆಚ್ಚಲಿಲ್ಲ. ಆ ‘ಟಿ’ ಸಂದಿಯಲ್ಲಿ ಎಳೆತ ಹೆಚ್ಚು, ರಕ್ತ ಪೂರೈಕೆ ಕಡಿಮೆ, ಈ ಶಸ್ತ್ರಚಿಕಿತ್ಸೆಯಲ್ಲಿ ಗಾಯ ಬಿಡುವುದಿದ್ದರೆ ಸಾಮಾನ್ಯವಾಗಿ ಬಿಡುವುದೇ ಅಲ್ಲಿ, ನೀರು ಸೇದದಿದ್ದರೂ ಬಿಡಬಹುದಿತ್ತು ಎಂದು ಸಮಾಧಾನ ಹೇಳಿದರು. ಮತ್ತೆ ಹೊಲಿಯಲಿಲ್ಲ, ದಿನಕ್ಕೊಮ್ಮೆ ಡ್ರೆಸ್ಸಿಂಗ್ ಮಾಡಿ ಒಳಗಿನಿಂದ ತುಂಬಿಕೊಂಡು ಬರಲು ಬಿಟ್ಟರು. ನಾಲ್ಕು ವಾರ ಹಿಡಿಯಿತು. ಶಾಲೆ ಶುರುವಾದಾಗ ಆ ಜಾಗಕ್ಕೆ ಇನ್ನೂ ಪಟ್ಟಿ ಅಂಟಿಸಿಕೊಂಡೇ ಇದ್ದೆ. ಜೂನ್ ತಿಂಗಳಿಡೀ ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆದೆ. ಮುಂದಿನ ಬೆಂಚಿನ ಹುಡುಗರಿಗೆ ಅನುಕೂಲವಾಯಿತು, ಹಿಂದಿನವರು ಎದ್ದು ನಿಂತು ಬರೆದುಕೊಂಡರು.

ಎರಡನೆಯ ತಿಂಗಳಿನಿಂದ ಯಾವ ಸೂಚನೆಯೂ ಇಲ್ಲದೆ ಎದೆಯೊಳಗೆ ಕರೆಂಟು ಹೊಡೆದಂತೆ ಚುರ್ರೆನ್ನುತ್ತಿತ್ತು. ನರಗಳು ಚೇತರಿಸಿಕೊಳ್ಳುವ ಲಕ್ಷಣವದು ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ, ಆದರೆ ಪೈಥಾಗೊರಸನ ಪ್ರಮೇಯದ ನಡುವೆ ಒಮ್ಮೆ ‘ಅಯ್ಯೋ’ ಎಂದದ್ದಕ್ಕೆ ತರಗತಿಯೆಲ್ಲ ನಕ್ಕಿತು. ಬಲಗಡೆಯ ಸ್ಪರ್ಶ ಐದನೆಯ ತಿಂಗಳಿಗೆ ಬಹುಪಾಲು ಮರಳಿತು. ಎಡಗಡೆಯ ತೊಟ್ಟು ಇಂದಿಗೂ ಮರಗಟ್ಟಿದೆ. ಕಲೆಗಳಿಗೆ ಸಿಲಿಕೋನ್ ಹಾಳೆ ಬರೆದುಕೊಟ್ಟಿದ್ದರು. ನಮ್ಮ ಬೆವರಿಗೆ ಅದು ಅರ್ಧ ಗಂಟೆಯೂ ಅಂಟಿಕೊಳ್ಳದ ಕಾರಣ ಜೆಲ್ ಹಚ್ಚಿದೆ. ಲಂಬ ರೇಖೆ ಈಗ ತಿಳಿಯಾಗಿದೆ, ಕಂಕುಳ ಕಡೆಯ ತುದಿಗಳು ಹುರಿಯಂತೆ ದಪ್ಪಗಿವೆ. ಕನ್ನಡಿಯಲ್ಲಿ ನೋಡಿಕೊಂಡಾಗ ಎಡಬಲಗಳು ಒಂದೇ ಸಮ ಇಲ್ಲವೆಂಬುದೂ ಕಾಣುತ್ತದೆ. ಇವೆಲ್ಲವನ್ನೂ ಕೂಡಿಸಿ ಕಳೆದ ಮೇಲೂ, ಕಳೆದ ಬೇಸಗೆಯಲ್ಲಿ ಕ್ಲೋಟ್ರಿಮಝೋಲ್ ಡಬ್ಬಿಯ ಮುಚ್ಚಳ ತೆರೆಯಲಿಲ್ಲವೆಂಬುದು ನನಗೆ ಸಾಕು.

ವಿಮೆಯ ವಿಚಾರ ಬರೆಯದಿದ್ದರೆ ಪೂರ್ತಿಯಾಗದು. ಒಟ್ಟು ಖರ್ಚು ನನಗೆ 1.70 ಲಕ್ಷ ರೂಪಾಯಿಯಾಯಿತು. ಕಂಪನಿಯವರು ಇದು ಸೌಂದರ್ಯ ಚಿಕಿತ್ಸೆಯೆಂದು ಎರಡು ಸಾಲಿನಲ್ಲಿ ತಳ್ಳಿಹಾಕಿದರು. ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಗದಿಪಡಿಸಿರುವ ಹೊರಗಿಡುವಿಕೆಗಳ, ಅಂದರೆ ಹಣ ಸಿಗದ ಸಂದರ್ಭಗಳ, ಪೈಕಿ 8ನೆಯದನ್ನು ಪೂರ್ತಿ ಓದಿದರೆ, ಚೆಲುವಿಗಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ ಎಂಬುದರ ಜೊತೆಗೇ, ನೇರವಾದ ತಕ್ಷಣದ ಆರೋಗ್ಯದ ಅಪಾಯವನ್ನು ನಿವಾರಿಸಲು ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ದೃಢೀಕರಿಸಿದರೆ ಅದು ಬೇರೆ ಎಂಬ ಮಾತೂ ಇದೆ. ಹುಣ್ಣಿನ ಚೀಟಿಗಳು, ಫಿಸಿಯೋಥೆರಪಿಯ ರಸೀದಿಗಳು, ಭುಜದ ಗುಳಿಯ ಫೋಟೋ, ತೂಕದ ವಿವರವಿರುವ ಡಿಸ್ಚಾರ್ಜ್ ಹಾಳೆ ಇವನ್ನೆಲ್ಲ ಸೇರಿಸಿ ಮರು ಅರ್ಜಿ ಹಾಕಿದ್ದೇನೆ. ಒಪ್ಪದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯುವುದಿದೆ, ಅದಕ್ಕೆ ಶುಲ್ಕವಿಲ್ಲ. ಆರು ವರ್ಷಗಳ ಚೀಟಿಗಳಲ್ಲಿ ಅರ್ಧವನ್ನು ನಾನು ಹಳೆ ಪೇಪರಿನವನಿಗೆ ಹಾಕಿದ್ದೆ. ಯೋಚನೆ ಮೊಳೆತ ದಿನದಿಂದಲೇ ಕಾಗದಗಳನ್ನು ಒಂದು ಫೈಲಿನಲ್ಲಿಡುವುದು ಒಳ್ಳೆಯದು.

ಊತ ಪೂರ್ತಿ ಇಳಿದು ಆಕಾರ ನೆಲೆಗೊಳ್ಳಲು ಆರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಹೊಸ ರವಿಕೆ ಹೊಲಿಸಬೇಡಿ ಎಂದಿದ್ದರು. ನವೆಂಬರಿನಲ್ಲಿ ಅಮ್ಮನೊಂದಿಗೆ ಟೈಲರ್ ಅಕ್ಕನ ಅಂಗಡಿಗೆ ಹೋದೆ. ಅವರು ಟೇಪು ಹಿಡಿದು ಒಮ್ಮೆ ಅಳೆದರು, ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಅಳೆದರು. ಭುಜಕ್ಕೆ 36ರ ಮೈ, ಎದೆಗೆ 38ರ ಮೈ. ಏನಾಯಿತು ಟೀಚರೇ, ಹುಷಾರಿರಲಿಲ್ಲವೇ ಎಂದು ಕೇಳಿದ್ದಕ್ಕೆ, ಈ ಸಲ ಎದೆ ಎಂಬ ಪದ ಬಳಸದೆ, ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವರು ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು, ಎಲ್ಲೆಲ್ಲಿ ಹೊಲಿಗೆ ಬೀಳುತ್ತದೆ ಎಂದು ಬಹಳ ಸೂಕ್ಷ್ಮವಾಗಿ ವಿಚಾರಿಸಿದರು.

ಹಳೆಯ ರವಿಕೆಗಳು ಇಪ್ಪತ್ತೆರಡಿದ್ದವು. ಅವನ್ನು ಬಿಚ್ಚಿ ಹೊಲಿಯಲು ಒಪ್ಪಿಕೊಂಡರು. ಕಪಾಟಿನಿಂದ ಅಳತೆಯ ರವಿಕೆಯನ್ನು ತೆಗೆದು ಮೇಜಿನ ಮೇಲೆ ಹರಡಿ, ಇದನ್ನೇನು ಮಾಡಲಿ, ಯಂತ್ರ ಒರೆಸಲು ಇಟ್ಟುಕೊಳ್ಳಲೇ ಎಂದರು. ನಾನು ತಲೆಯಾಡಿಸುವಷ್ಟರಲ್ಲಿ ಅಮ್ಮ ಕೈಚಾಚಿ ಅದನ್ನು ಎತ್ತಿಕೊಂಡು, ಎರಡೂ ಭುಜ ಹಿಡಿದು ತನ್ನ ಮೈಗೆ ತಾಗಿಸಿ ನೋಡಿದಳು.

“ಇರಲಿ ಬಿಡಿ, ನನಗೆ ಸರಿಯಾಗುತ್ತದೆ” ಎಂದಳು.